ಕಿತ್ತೆಸೆದ ಮರಕ್ಕೆ ಕುಂಡದಲ್ಲಿ ಮರುಜೀವ

ಮನೆಯನ್ನು ನವೀಕರಿಸುವಾಗ, ಹಸಿರು ಬೇಲಿ ತೆಗೆದು ಕಾಂಪೌಂಡು ಕಟ್ಟಿಸುವಾಗ, ಅಂಗಳದ ಹಳೆಯ ಗಿಡಗಳೇ ಮೊದಲು ಕೊಡಲಿಗೆ ಗುರಿಯಾಗುತ್ತವೆ. ವರ್ಷಗಟ್ಟಲೆ ಹೂ ಕೊಟ್ಟ ಕಾಗದದ ಹೂವಿನ ಗಿಡ, ಗೋಡೆಯ ಬಿರುಕಿನಲ್ಲಿ ಬೇರೂರಿದ ಅರಳಿ ಬುಡಸಹಿತ ರಸ್ತೆಯ ಬದಿಗೆ ಬೀಳುತ್ತವೆ. ಇಂಥವನ್ನು ತಂದು ಬೋನ್ಸಾಯ್ ಅರ್ಥಾತ್ ಕುಬ್ಜವೃಕ್ಷವಾಗಿ ಬೆಳೆಸುವುದು ದೇಹ, ಮನಸ್ಸು ಎರಡಕ್ಕೂ ಹಿತವಾದ ಕಾಯಕ.

ಸಸಿಯ ಕಾಂಡವು ಕುಂಡದಲ್ಲಿಯೇ ದಪ್ಪವಾಗಲು ದಶಕಗಳು ಬೇಕಾಗಬಹುದು. ನೆಲದಲ್ಲಿ ಬೆಳೆದ ಗಿಡಕ್ಕೆ ಆ ಮುಪ್ಪಿನ ಗಾಂಭೀರ್ಯ ಮೊದಲೇ ಬಂದಿರುತ್ತದೆ. ಅದನ್ನು ಬದುಕಿಸುವುದಷ್ಟೇ ನಮ್ಮ ಪಾಲಿನ ಕೆಲಸ.

ಬೇರು ಒಣಗಿದರೆ ಗಿಡ ಉಳಿಯದು. ಆದ್ದರಿಂದ ಮಾಲೀಕರ ಒಪ್ಪಿಗೆ ಪಡೆದು, ಬೇರುಗಳಿಗೆ ಒದ್ದೆ ಗೋಣಿಚೀಲ ಸುತ್ತಿ ಕೂಡಲೇ ತರಬೇಕು. ಕಾಂಡವನ್ನು ಸುಮಾರು ಒಂದು ಅಡಿ ಎತ್ತರಕ್ಕೆ ಕತ್ತರಿಸಿ, ಜಜ್ಜಿದ ದಪ್ಪ ಬೇರುಗಳನ್ನು ಸವರಿ, ಎಳೆಬೇರುಗಳನ್ನು ಉಳಿಸಿಕೊಳ್ಳಬೇಕು. ಮೊದಲ ವರ್ಷಕ್ಕೆ ಆಳವಾದ ಕುಂಡವೇ ಸರಿ. ಇಟ್ಟಿಗೆ ಚೂರು, ದಪ್ಪ ಮರಳು, ಎಲೆಗೊಬ್ಬರಗಳ ಮಿಶ್ರಣದಲ್ಲಿ ನೀರು ಸರಾಗವಾಗಿ ಬಸಿಯುತ್ತದೆ. ನೆಟ್ಟ ಗಿಡ ಅಲುಗಾಡದಂತೆ ಬಿಗಿದು ಕಟ್ಟಿ, ನೆರಳಿನಲ್ಲಿರಿಸಬೇಕು. ಚಿಗುರು ಕಂಡಿತೆಂದು ಬೇರು ಹಿಡಿಯಿತೆಂದು ಭಾವಿಸಲಾಗದು; ಕಾಂಡದ ಸಂಗ್ರಹದಿಂದಲೂ ಚಿಗುರು ಒಡೆಯುತ್ತದೆ. ಆದಕಾರಣ ಗೊಬ್ಬರ, ತಂತಿ ಕಟ್ಟುವಿಕೆಗಳಿಗೆ ಅವಸರ ಸಲ್ಲದು.

ಈ ಕಾಯುವಿಕೆಯಲ್ಲಿಯೇ ಆರೋಗ್ಯದ ಮರ್ಮವಿದೆ. ನಿವೃತ್ತಿಯ ನಂತರ ತಮ್ಮಿಂದ ಇನ್ನು ಯಾರಿಗೂ ಪ್ರಯೋಜನವಿಲ್ಲವೆಂದು ಕೊರಗುವ ಹಿರಿಯರು ನಮ್ಮ ನಡುವೆ ಅನೇಕರಿದ್ದಾರೆ. ಬೆಳಿಗ್ಗೆ ಎದ್ದು ಮಣ್ಣು ಮುಟ್ಟಿ ತೇವ ನೋಡುವುದು, ಕಣ್ಣಿಟ್ಟು ಮೊಗ್ಗು ಹುಡುಕುವುದು ಅವರ ದಿನಕ್ಕೊಂದು ಕ್ರಮವನ್ನೂ ಬೆರಳುಗಳಿಗೆ ಮೃದು ವ್ಯಾಯಾಮವನ್ನೂ ಒದಗಿಸುತ್ತದೆ. ಇದು ಔಷಧಕ್ಕೆ ಬದಲಿಯಲ್ಲ. ಕೊರಗು ಬಹುದಿನ ಉಳಿದರೆ ವೈದ್ಯರನ್ನು ಕಾಣಲೇಬೇಕು.

ಕೆಲವು ಎಚ್ಚರಿಕೆಗಳೂ ಅವಶ್ಯ. ಅರಳಿ, ಆಲ, ಅತ್ತಿಗಳ ಹಾಲು ಚರ್ಮಕ್ಕೂ ಕಣ್ಣಿಗೂ ಉರಿ ತರಬಹುದು, ಕೈಗವಸು ಧರಿಸಿರಿ. ಕಣಗಿಲೆಯ ಸರ್ವಾಂಗವೂ ವಿಷವಾದುದರಿಂದ ಮಕ್ಕಳಿರುವ ಮನೆಗೆ ಅದು ಬೇಡ. ಮುಳ್ಳು ಆಳವಾಗಿ ಚುಚ್ಚಿದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿರಿ. ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರು ಡೆಂಗ್ಯೂ ಹರಡುವ ಸೊಳ್ಳೆಗೆ ತೊಟ್ಟಿಲು. ಅದನ್ನು ಆಗಾಗ ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆಯಿರಿ.

ಹವ್ಯಾಸಕ್ಕಾಗಿ ನೆಲದಲ್ಲಿ ಸುಖವಾಗಿರುವ ಮರವನ್ನು ಕೀಳುವುದು ಮಾತ್ರ ತರವಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ಮರ ಕಡಿಯಲು ಅನುಮತಿಯನ್ನು ವಿಧಿಸಿರುವುದೂ ನೆನಪಿರಲಿ. ಬೇಡವೆಂದು ಬಿಸಾಡಿದ್ದನ್ನು ಎತ್ತಿಕೊಳ್ಳೋಣ. ಬೇರೂರಿ ನಿಂತದ್ದನ್ನು ನಿಲ್ಲಲು ಬಿಡೋಣ.