ತಗಡಿನ ಸದ್ದಿನ ಲೆಕ್ಕ

ಶಾಲೆಯ ಕವಾಯತಿನಲ್ಲಿ ಸೊಂಟದ ಪಕ್ಕಕ್ಕೆ ಇಳಿಬಿಟ್ಟುಕೊಂಡು ಬಾರಿಸುವ ಡ್ರಮ್ ನೋಡಿದ್ದೀರಲ್ಲ ಮಕ್ಕಳೇ? ಒಮ್ಮೆ ಅದನ್ನು ಬೋರಲು ಹಾಕಿ ನೋಡಿ. ಕೆಳಗಿನ ಚರ್ಮಕ್ಕೆ, ಈಗೀಗ ಅದೂ ಪ್ಲಾಸ್ಟಿಕ್ಕೇ ಬಿಡಿ, ತಾಗಿಕೊಂಡಂತೆ ತಂತಿಗಳ ಸಾಲೊಂದಿರುತ್ತದೆ. ಮೇಲೆ ಕೋಲು ಬಿದ್ದಾಗ ಚರ್ಮ ‘ಢಂ’ ಎನ್ನುತ್ತದೆ, ತಂತಿಗಳು ನಡುಗಿ ‘ಚರ್’ ಎನ್ನುತ್ತವೆ. ಇದೇ ಸ್ನೇರ್ ಡ್ರಮ್.

ನನ್ನ ಮೊಮ್ಮಗ ಕಂಪ್ಯೂಟರಿನಲ್ಲಿ ಹಿಪ್‌ಹಾಪ್ ತಾಳ ಕಟ್ಟುತ್ತಾನೆ. ಚರ್ಮವಿಲ್ಲ, ತಂತಿಯಿಲ್ಲ, ಕೋಲೂ ಇಲ್ಲ. ಸ್ನೇರ್ ಮಾತ್ರ ಕೇಳುತ್ತದೆ. ನನ್ನ ವಾಕಿಂಗ್ ಗೆಳೆಯರು ಇದಕ್ಕೆ ‘ತಗಡಿನ ಸದ್ದು’ ಎಂದು ಮೂಗು ಮುರಿಯುತ್ತಾರೆ. ಆದರೆ ಜೀವಮಾನವಿಡೀ ಬ್ಯಾಂಕಿನ ಲೆಜರ್ ಬರೆದವನಿಗೆ ಯಾವ ಬಾಬ್ತು ಎಲ್ಲಿಂದ ಬಂತೆಂದು ತಿಳಿಯದೆ ನಿದ್ದೆ ಬರುವುದಿಲ್ಲ. ಕೆದಕುತ್ತಾ ಹೋದೆ.

ಲೆಕ್ಕ ಜಪಾನಿಗೆ ಹೋಗಿ ಮುಟ್ಟಿತು. ಅಲ್ಲಿನ ಇಕುಟಾರೊ ಕಾಕೆಹಾಶಿ ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಅಜ್ಜ-ಅಜ್ಜಿಯ ಆಸರೆಯಲ್ಲಿ ಬೆಳೆದವರು. ಗಡಿಯಾರ ರಿಪೇರಿ ಮಾಡಿದವರು. 1972ರಲ್ಲಿ ರೋಲ್ಯಾಂಡ್ ಕಂಪನಿ ಕಟ್ಟಿದರು. 1980ರಲ್ಲಿ ಆ ಕಂಪನಿಯಿಂದ ಟಿಆರ್-808 ಎಂಬ ತಾಳಯಂತ್ರ ಬಂತು. ನಿಜವಾದ ಡ್ರಮ್ಮಿನ ಸದ್ದನ್ನೇ ತುಂಬಿಕೊಂಡಿದ್ದ ಅಮೆರಿಕದ ಯಂತ್ರಕ್ಕೆ ಆಗ ಸುಮಾರು 5,000 ಡಾಲರ್; 808ಕ್ಕೆ 1,195. ನಾಲ್ಕರಲ್ಲಿ ಒಂದು ಪಾಲು! ಅಗ್ಗವಾಗಲು ಕಾರಣ, ಅದರಲ್ಲಿ ರೆಕಾರ್ಡಿಂಗೇ ಇರಲಿಲ್ಲ. ಸದ್ದನ್ನು ವಿದ್ಯುತ್ತಿನಿಂದಲೇ ಹೆಣೆಯಬೇಕಿತ್ತು.

ಹೇಗೆ? ‘ಢಂ’ಗಾಗಿ ಎರಡು ಸ್ವರ, ಒಂದು ತಗ್ಗು, ಒಂದು ಏರು. ‘ಚರ್’ಗಾಗಿ ಹಳೇ ರೇಡಿಯೋದಲ್ಲಿ ಎರಡು ಸ್ಟೇಷನ್‌ಗಳ ನಡುವೆ ಬರುತ್ತಿತ್ತಲ್ಲ, ಅಂಥ ‘ಶ್‌’ ಶಬ್ದ. ಹಿಟ್ಟು ಜರಡಿ ಹಿಡಿದಂತೆ ಅದರ ದಪ್ಪ ಭಾಗವನ್ನು ತೆಗೆದು ಸಣ್ಣದನ್ನಷ್ಟೇ ಉಳಿಸುವುದು. ಆಮೇಲೆ ನಿಜವಾದ ಕಸುಬು: ಎರಡೂ ಕ್ಷಣಾರ್ಧದಲ್ಲಿ ಹುಟ್ಟಿ ಕ್ಷಣಾರ್ಧದಲ್ಲೇ ಆರಬೇಕು. ‘ಶ್‌’ ತುಸು ಎಳೆದರೆ ಕುಕ್ಕರಿನ ಹಬೆಯಾಗುತ್ತದೆ. ಸ್ವರ ಎಳೆದರೆ ಗಂಟೆಯಾಗುತ್ತದೆ. ಯಂತ್ರದ ಮೇಲೆ ಸ್ನೇರಿಗೆ ‘ಟೋನ್’, ‘ಸ್ನ್ಯಾಪಿ’ ಎಂಬ ತಿರುಗಣೆಗಳಿದ್ದವು. ಮೊದಲನೆಯದು ಆ ಎರಡು ಸ್ವರಗಳನ್ನು ತೂಗುತ್ತದೆ, ಎರಡನೆಯದು ತಂತಿಯ ‘ಚರ್’ ಅನ್ನು ಹೆಚ್ಚು-ಕಡಿಮೆ ಮಾಡುತ್ತದೆ.

ನಿಜವಾದ ಡ್ರಮ್ಮಿನಂತಿಲ್ಲ ಎಂದು ಬಹಳ ಮಂದಿ ಅದನ್ನು ತಳ್ಳಿಹಾಕಿದರು. ಸುಮಾರು 12,000 ಯಂತ್ರಗಳಾದ ಮೇಲೆ, 1983ರಲ್ಲಿ ತಯಾರಿಕೆಯೇ ನಿಂತಿತು. ಆದರೆ ಅಷ್ಟರಲ್ಲಿ, 1982ರಲ್ಲೇ, ನ್ಯೂಯಾರ್ಕಿನ ಹಿಪ್‌ಹಾಪ್ ಹುಡುಗರು ‘ಪ್ಲಾನೆಟ್ ರಾಕ್’ ಹಾಡಿಗೆ ಅದೇ ಯಂತ್ರದ ತಾಳ ಹಾಕಿದ್ದರು. ಮುಂದೆ ಹಳೇ 808ಗಳು ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗವಾಗಿ ಸಿಕ್ಕಾಗ, ಡ್ರಮ್ ಸೆಟ್ಟಿಗೂ ಸ್ಟುಡಿಯೋಗೂ ದುಡ್ಡಿಲ್ಲದವರು ಕೊಂಡುಕೊಂಡರು. ಅವರಿಗೆ ಅದು ನಕಲಿ ಡ್ರಮ್ಮಾಗಿರಲಿಲ್ಲ, ಹೊಸ ವಾದ್ಯವೇ ಆಗಿತ್ತು. ಇಂದು ಅಸಲಿ ಡ್ರಮ್ಮಿದ್ದವರೂ ಈ ಸದ್ದನ್ನೇ ಹುಡುಕಿಕೊಂಡು ಬರುತ್ತಾರೆ. ಗೆಳೆಯರಿಗೆ ಇದನ್ನು ಹೇಳಿದೆ. ಒಬ್ಬರು ಹೆಡ್‌ಫೋನ್ ಕೇಳಿ ಪಡೆದರು.

ಮಕ್ಕಳೇ, ನೀವೂ ಮಾಡಿ ನೋಡಬಹುದು. ಖಾಲಿ ಬಿಸ್ಕತ್ತು ಡಬ್ಬಿಯನ್ನು ಬೋರಲು ಹಾಕಿ, ಮೇಲೆ ತೆಳ್ಳನೆಯ ಸರಪಳಿ ಇಟ್ಟು, ಅಂಚಿನಲ್ಲಿ ಬೆರಳಿನಿಂದ ತಟ್ಟಿ. ಆಮೇಲೆ ಸರಪಳಿ ತೆಗೆದು ತಟ್ಟಿ. ಅಜ್ಜ ಕಣ್ಣು ಮುಚ್ಚಿಕೊಂಡು ಯಾವುದು ಯಾವುದೆಂದು ಹೇಳಲಿ.