ಬಿಡೋದಾದ್ರೆ ಹಿಡಿಯೋದ್ಯಾಕೆ?

ಪುಣೆಯಲ್ಲಿ ನಾನು ಪಾಠ ಮಾಡುವ ತರಗತಿಗೆ ಒಮ್ಮೆ ಕಾಶ್ಮೀರ ಪ್ರವಾಸದ ಫೋಟೊ ತೋರಿಸಿದೆ. ಮೊಣಕಾಲುದ್ದ ನೀರಲ್ಲಿ ನಿಂತು ಗಾಳ ಬೀಸುತ್ತಿರುವ ಫೋಟೊ ಅದು. "ಮೀನು ಸಿಕ್ತಾ ಸರ್?" ಅಂದರು ಮಕ್ಕಳು. ಮೂರು ಸಿಕ್ಕವು, ಒಂದನ್ನು ತಿಂದೆವು, ಎರಡನ್ನು ನೀರಿಗೇ ಬಿಟ್ಟೆವು ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಥಟ್ಟನೆ ಕೇಳಿದಳು: "ಬಿಡೋದಾದ್ರೆ ಹಿಡಿಯೋದ್ಯಾಕೆ ಸರ್?"

ಆ ಹೊತ್ತಿಗೆ ಏನೋ ಹೇಳಿ ಮುಗಿಸಿದೆ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಈ ಲೇಖನ ಅವಳಿಗೆ ಕೊಡಬೇಕಿದ್ದ ಉತ್ತರ. ಅದಕ್ಕೆ ಮೊದಲು ಆ ಗಾಳ ಎಂಥದು, ಆ ಮೀನು ಎಂಥದು ಅನ್ನುವುದು ಗೊತ್ತಾಗಬೇಕು.

ನಮ್ಮೂರ ಕೆರೆಯ ಗಾಳ ಎಲ್ಲರಿಗೂ ಗೊತ್ತು. ಒಂದು ಕೋಲು, ದಾರ, ಬೆಂಡು, ಸೀಸದ ಗುಂಡು, ಗಾಳದ ತುದಿಗೆ ಎರೆಹುಳ. ಬೀಸಿದರೆ ಗುಂಡಿನ ಭಾರ ಮುಂದೆ ಹೋಗುತ್ತದೆ, ದಾರ ಅದರ ಹಿಂದೆ ಓಡುತ್ತದೆ. 'ಫ್ಲೈ ಫಿಶಿಂಗ್'ನಲ್ಲಿ ಇದು ತಿರುಗಾಮುರುಗಾ. ಇಲ್ಲಿ ಗಾಳಕ್ಕೆ ಹುಳ ಇರುವುದಿಲ್ಲ. ಹುಂಜದ ಕುತ್ತಿಗೆಯ ಗರಿ, ಉಣ್ಣೆ, ಜಿಂಕೆಯ ಕೂದಲು ಸುತ್ತಿ ಹುಳದಂತೆ ಕಾಣುವ ಹಾಗೆ ಕಟ್ಟಿರುತ್ತಾರೆ. ಅದಕ್ಕೇ 'ಫ್ಲೈ' ಅನ್ನುವುದು. ಇದು ಹೊಸ ಉಪಾಯವೂ ಅಲ್ಲ. ಮ್ಯಾಸಿಡೋನಿಯಾದ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗರಿ ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ಸುಮಾರು 1800 ವರ್ಷಗಳ ಹಿಂದೆಯೇ ರೋಮಿನ ಲೇಖಕ ಈಲಿಯನ್ ಬರೆದಿದ್ದಾನೆ.

ಆದರೆ ಗರಿಯನ್ನು ದೂರ ಎಸೆಯುವುದು ಹೇಗೆ? ಒಮ್ಮೆ ಪ್ರಯತ್ನ ಮಾಡಿ ನೋಡಿ, ಕಾಲ ಬುಡದಲ್ಲೇ ಬೀಳುತ್ತದೆ. ಹಾಗಾಗಿ ಭಾರವನ್ನು ದಾರಕ್ಕೇ ಕೊಟ್ಟಿದ್ದಾರೆ. ಪ್ಲಾಸ್ಟಿಕ್ ಲೇಪದ ಈ ದಪ್ಪ ದಾರಕ್ಕೂ ಕೋಲಿಗೂ ಒಂದೇ ನಂಬರು ಇರಬೇಕು. ಟ್ರೌಟ್ ಹಿಡಿಯಲು ಸಾಮಾನ್ಯವಾಗಿ ಬಳಸುವುದು ಒಂಬತ್ತು ಅಡಿ ಕೋಲು, 5ನೇ ನಂಬರಿನ ದಾರ. ಆ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ದಾರದ ತುದಿಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತಾ ಹೋಗುವ ನೈಲಾನ್ ಎಳೆ. ಫ್ಲೈ ಕಟ್ಟುವ ಜಾಗದಲ್ಲಿ ಅದರ ದಪ್ಪ ಸುಮಾರು 0.15 ಮಿಲಿಮೀಟರ್. ಬೀಸುವಾಗ ತೋಳಿನ ಬಲ ಬೇಕಿಲ್ಲ. ಎತ್ತಿನ ಗಾಡಿಯವರು ಬಾರುಕೋಲು ಬೀಸುವುದನ್ನು ನೆನಪು ಮಾಡಿಕೊಳ್ಳಿ. ಕೋಲನ್ನು ಹಿಂದಕ್ಕೆ ಎಳೆದು ನಿಲ್ಲಿಸಬೇಕು, ದಾರ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಬೇಕು, ಆಮೇಲೆ ಮುಂದಕ್ಕೆ. ಆ ಕಾಯುವ ಒಂದು ಕ್ಷಣ ನನಗೆ ಬರಲೇ ಇಲ್ಲ. ಮೊದಲ ಅರ್ಧ ಗಂಟೆ ನಾನು ಹಿಡಿದದ್ದು ದಂಡೆಯ ವಿಲೋ ಮರದ ಕೊಂಬೆಗಳನ್ನು ಮಾತ್ರ!

ನಾವು ಹೋದದ್ದು ಅನಂತನಾಗ್ ಜಿಲ್ಲೆಯ ಕೊಕರ್‌ನಾಗ್‌ಗೆ, ಬ್ರಿಂಗಿ ಹೊಳೆಯ ದಂಡೆಗೆ. ಅಲ್ಲಿ ಸರ್ಕಾರಿ ಟ್ರೌಟ್ ಮರಿ ಕೇಂದ್ರವೂ ಇದೆ. ಕಾಶ್ಮೀರದ ಟ್ರೌಟ್ ಹೊಳೆಗಳನ್ನು 'ಬೀಟ್' ಎಂಬ ತುಂಡುಗಳಾಗಿ ಭಾಗ ಮಾಡಿ, ಮೀನುಗಾರಿಕೆ ಇಲಾಖೆ ಪರ್ಮಿಟ್ ಕೊಡುತ್ತದೆ. ಎಷ್ಟು ಮೀನು ಒಯ್ಯಬಹುದು ಅನ್ನುವುದಕ್ಕೂ ಮಿತಿ ಉಂಟು. ನಮಗೆ ದಾರಿ ತೋರಿಸಿದವರು ಅರವತ್ತು ದಾಟಿದ ಒಬ್ಬ ಕಾಶ್ಮೀರಿ ಚಾಚಾ. ಕೋಲು ಜೋಡಿಸುವ ಆತುರದಲ್ಲಿದ್ದ ನನಗೆ ಅವರು ಹೇಳಿದ ಮೊದಲ ಮಾತು: "ಪೆಹಲೆ ಪಾನಿ ಪಢಿಯೇ, ಮಾಸ್ಟರ್‌ಜಿ." ಮೊದಲು ನೀರನ್ನು ಓದಿ.

ನೀರನ್ನು ಓದುವುದು ಅಂದರೆ ಇಷ್ಟು. ಟ್ರೌಟ್ ಯಾವಾಗಲೂ ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ. ದಿನವಿಡೀ ಸೆಳೆತದ ವಿರುದ್ಧ ಈಜಿದರೆ ತಿಂದದ್ದೆಲ್ಲ ಖರ್ಚಾಗಿಬಿಡುತ್ತದಲ್ಲ? ಹಾಗಾಗಿ ಬಂಡೆಯ ಮರೆಯಲ್ಲಿ, ವೇಗದ ನೀರು ನಿಧಾನದ ನೀರನ್ನು ಕೂಡುವ ಗೆರೆಯಲ್ಲಿ ನಿಂತುಕೊಂಡು, ಊಟ ತೇಲಿ ಬರಲಿ ಎಂದು ಕಾಯುತ್ತದೆ. ಹೊಳೆಯಲ್ಲಿ ಹುಟ್ಟುವ ಹುಳಗಳು ತಮ್ಮ ಆಯಸ್ಸಿನ ಹೆಚ್ಚು ಪಾಲನ್ನು ಕಲ್ಲಿನಡಿ ಮರಿಯಾಗಿಯೇ ಕಳೆಯುತ್ತವೆ. ರೆಕ್ಕೆ ಬಂದು ಮೇಲೆ ಹಾರಿದ ಮೇಲೆ ಕೆಲವಕ್ಕೆ ಒಂದೆರಡು ದಿನ ಮಾತ್ರ ಬದುಕು. ಅದಕ್ಕೇ ಮೇಲೆ ತೇಲುವ 'ಡ್ರೈ ಫ್ಲೈ' ಬೇರೆ, ಮುಳುಗುವ 'ನಿಂಫ್' ಬೇರೆ. ಮೀನಿನ ಹಿಂದಿನಿಂದ, ಅಂದರೆ ಹೊಳೆಯ ಕೆಳಗಿನ ಕಡೆಯಿಂದ, ಸದ್ದಿಲ್ಲದೆ ಹೋಗಬೇಕು. ಫ್ಲೈ ನೀರಿನ ವೇಗದಲ್ಲೇ ಹೋಗಬೇಕು. ದಾರ ಎಳೆದು ಅದು ಚೂರು ಓರೆಯಾಗಿ ಜಾರಿದರೂ ಮೀನಿಗೆ ಮೋಸ ಗೊತ್ತಾಗುತ್ತದೆ.

ಬ್ರಿಂಗಿಯಂಥ ಸಣ್ಣ ಹೊಳೆಯಲ್ಲಿ ಇಳಿದು ನಡೆದರೆ ಸಾಕು. ನೀರು ಒಳಗೆ ಬಾರದಂತೆ ಎದೆಮಟ್ಟ ಬರುವ 'ವೇಡರ್' ಪ್ಯಾಂಟು ಅದಕ್ಕೇ ಇರುವುದು. ದೊಡ್ಡ ನದಿಯಲ್ಲಿ ದೋಣಿ ಬೇಕಾಗುತ್ತದೆ. ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಮೆಕೆಂಜಿ ಎಂಬ ನದಿಯಿದೆ. ಬಂಡೆಗಳ ನಡುವೆ ಧುಮುಕಿ ಹರಿಯುವ ಆ ನೀರಿಗೆಂದೇ ಅಲ್ಲಿನವರು 'ಡ್ರಿಫ್ಟ್ ಬೋಟ್' ರೂಪಿಸಿದರು. ತಳ ಚಪ್ಪಟೆ, ಆದರೆ ಮುಂದೆ ಹಿಂದೆ ಮೇಲಕ್ಕೆ ಬಾಗಿರುತ್ತದೆ. ಹಾಗಾಗಿ ನೀರಿಗೆ ತಾಗುವುದು ನಡುಭಾಗ ಮಾತ್ರ, ಒಂದು ಹುಟ್ಟಿನ ಎಳೆತಕ್ಕೇ ತಿರುಗಿಬಿಡುತ್ತದೆ. ಸೋಜಿಗವೆಂದರೆ, ಹುಟ್ಟು ಹಾಕುವವನು ದೋಣಿಯನ್ನು ಮುಂದಕ್ಕೆ ಓಡಿಸುವುದಿಲ್ಲ. ಮುಂದೆ ಬರುವ ಬಂಡೆಗೆ ಮುಖ ಮಾಡಿ ಕೂತು, ಹಿಂದಕ್ಕೆ ಎಳೆಯುತ್ತಾ ದೋಣಿಯನ್ನು ನೀರಿಗಿಂತ ನಿಧಾನ ಮಾಡುತ್ತಾನೆ. ಆಗ ಮುಂದೆ ನಿಂತವನಿಗೆ ಗಾಳ ಬೀಸಲು ಸಮಯ ಸಿಗುತ್ತದೆ. ನಮ್ಮ ಕಾವೇರಿಯಲ್ಲಿ ಇದೇ ಕೆಲಸಕ್ಕೆ ಹರಿಗೋಲು ಇದೆ. ದುಂಡಗೆ, ತಳ ಆಳವಿಲ್ಲದೆ, ಕಲ್ಲಿನ ಮೇಲೂ ಜಾರಿ ಹೋಗುವಂಥದು. ಎರಡು ದೇಶ, ಎರಡು ರೂಪ, ಆದರೆ ಎರಡಕ್ಕೂ ಆಕಾರ ಕೊಟ್ಟದ್ದು ನದಿಯೇ.

ಈಗ ನನ್ನ ತಪ್ಪಿನ ಕತೆಗೆ ಬರುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಮೊದಲ ಮೀನು ಸಿಕ್ಕಿತು. ಮೈಮೇಲೆ ಕೆಂಪು, ಕಪ್ಪು ಚುಕ್ಕೆಯ ಕಂದು ಟ್ರೌಟ್. ಖುಷಿಯಲ್ಲಿ ಒಣಗೈಯಲ್ಲೇ ಬಿಗಿಯಾಗಿ ಹಿಡಿದೆ. ಒಂದು ಫೋಟೊ, ಇನ್ನೊಂದು ಫೋಟೊ, ಮಸುಕಾಯಿತೆಂದು ಮತ್ತೊಂದು. ಆಮೇಲೆ ದೊಡ್ಡ ದಯಾಳುವಿನಂತೆ ನೀರಿಗೆ ಬಿಟ್ಟೆ. ಅದು ಹೊಟ್ಟೆ ಮೇಲೆ ಮಾಡಿ ತೇಲಿತು. ಚಾಚಾ ಬೈಯಲಿಲ್ಲ. ಮೀನನ್ನು ಎತ್ತಿ ಬುಟ್ಟಿಗೆ ಹಾಕಿ, "ಈಗ ಇದನ್ನು ತಿನ್ನಬೇಕು, ಬೇಟಾ. ದಂಡ ಮಾಡಬಾರದು" ಎಂದಷ್ಟೇ ಹೇಳಿದರು. ಬಿಡುವುದನ್ನು ಕಲಿಸಿದ್ದು ಆಮೇಲೆ. ಮುಳ್ಳಿಲ್ಲದ ಗಾಳ ಹಾಕಬೇಕು. ಕೈ ಒದ್ದೆ ಇರಬೇಕು, ಇಲ್ಲದಿದ್ದರೆ ಮೀನಿನ ಮೈಯ ಲೋಳೆ ಕಿತ್ತು ಬರುತ್ತದೆ, ಅದೇ ಅದಕ್ಕೆ ರೋಗ ತಡೆಯುವ ಹೊದಿಕೆ. ಮೀನನ್ನು ನೀರೊಳಗೇ ಇಟ್ಟು ಗಾಳ ಬಿಡಿಸಬೇಕು. ನೀರು ಬೆಚ್ಚಗಾದ ದಿನ ಗಾಳ ಹಾಕಲೇಬಾರದು. ಟ್ರೌಟ್ ತಂಪು ನೀರಿನ ಮೀನು. ನೀರಿನ ಬಿಸಿ 20 ಡಿಗ್ರಿ ಮೀರುತ್ತಾ ಹೋದಂತೆ ಅದಕ್ಕೆ ಉಸಿರು ಸಾಲದು, ಒದ್ದಾಡಿ ದಣಿದದ್ದು ಚೇತರಿಸಿಕೊಳ್ಳುವುದಿಲ್ಲ. ಉಳಿದೆರಡು ಮೀನುಗಳನ್ನು ಹೀಗೆ ಬಿಟ್ಟೆವು. ಎರಡೂ ಬಾಲ ಬಡಿದು ಬಂಡೆಯ ಮರೆಗೆ ಹೋದವು.

ಹಾಗಾದರೆ ಬಿಡುವುದೇ ಪುಣ್ಯದ ಕೆಲಸವೇ? ಅಷ್ಟು ಸರಳವಲ್ಲ. ಕಂದು ಟ್ರೌಟ್ ಕಾಶ್ಮೀರದ ಮೀನೇ ಅಲ್ಲ. 1899ರಲ್ಲಿ ಇಂಗ್ಲೆಂಡಿನಿಂದ ಕಳಿಸಿದ ಮೊಟ್ಟೆಗಳು ದಾರಿಯಲ್ಲೇ ಹಾಳಾದವು. ಮರುವರ್ಷ ಸ್ಕಾಟ್‌ಲೆಂಡಿನಿಂದ ಬಂದವು ಉಳಿದವು. ಶ್ರೀನಗರದಲ್ಲಿ ಗಾಲೀಚೆ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಕ್ ಮಿಚೆಲ್ ಅವುಗಳನ್ನು ಸಾಕಿ ಬೆಳೆಸಿದ. ಅಲ್ಲಿನ ಸ್ವಂತ ಮೀನು 'ಸ್ನೋ ಟ್ರೌಟ್'. ಹೆಸರು ಟ್ರೌಟ್ ಆದರೂ ಅದು ಗೆಂಡೆ ಮೀನಿನ ಬಳಗದ್ದು. ಹೊರಗಿನಿಂದ ಬಂದ ಟ್ರೌಟ್ ಅದರ ಜಾಗ, ಊಟ ಎರಡಕ್ಕೂ ಪಾಲು ಕೇಳುತ್ತದೆ, ಮರಿಗಳನ್ನೂ ತಿನ್ನುತ್ತದೆ. ಹಾಗಾಗಿ ಅಲ್ಲಿ ಮಿತಿಯೊಳಗೆ ಒಂದು ಟ್ರೌಟ್ ಹಿಡಿದು ತಿಂದರೆ ಅದು ಹೊಳೆಗೆ ಮಾಡಿದ ದ್ರೋಹವಲ್ಲ.

ನಮ್ಮ ಕಾವೇರಿಯ ಲೆಕ್ಕವೇ ಬೇರೆ. ಗಾಳ ಹಾಕುವವರಿಗೆ ನಮ್ಮ ನಾಡು ಹೊಸದಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಬರೆದ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಲ್ಲೇ ಅಚ್ಚಾಯಿತು. ಭೀಮೇಶ್ವರಿ, ಗಾಲಿಬೋರೆ ಕಡೆ ಮಹಶೀರ್ ಹಿಡಿದು ಬಿಡುವ ಪದ್ಧತಿ ಬಹಳ ವರ್ಷ ನಡೆಯಿತು. ಕಾವೇರಿ ಕೊಳ್ಳದ್ದೇ ಆದ ಗೂನುಬೆನ್ನಿನ ಮಹಶೀರ್ ಇವತ್ತು ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದರ ಹೆಸರು ತೀರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಅಂಥ ಮೀನು ಗಾಳಕ್ಕೆ ಬಿದ್ದರೆ ಬಿಡದೆ ಬೇರೆ ದಾರಿಯಿಲ್ಲ. ಅದರ ಮೇಲೆ ಗಾಳವೇ ಬೇಡ ಅನ್ನುವವರ ಮಾತಿನಲ್ಲೂ ಸತ್ಯವಿದೆ.

ಬೇಟೆ ಬರೀ ಆಟಕ್ಕಾಗಿ ಆಗಬಾರದು ಎಂದು ನಮ್ಮ ಅಮ್ಮಿ ಹೇಳುತ್ತಿದ್ದರು. ಗಾಳ ಹಿಡಿದ ಕೈಗೆ ಆ ಮಾತು ಈಗಲೂ ಚುಚ್ಚುತ್ತದೆ, ಚುಚ್ಚಲಿ. ಆ ಹುಡುಗಿಗೆ ನನ್ನ ಉತ್ತರ ಇಷ್ಟೇ: ತಿನ್ನುವುದಾದರೆ ಮಿತಿಯಲ್ಲಿ ತಿನ್ನು, ದಂಡ ಮಾಡಬೇಡ. ಬಿಡುವುದಾದರೆ ಅದು ಬದುಕುವ ಹಾಗೆ ಬಿಡು. ಫೋಟೊಕ್ಕಾಗಿ ಕೊಂದು, ಬಿಟ್ಟೆ ಅಂತ ಹೇಳಿಕೊಳ್ಳಬೇಡ. ಯಾವುದು ಸರಿ ಅನ್ನುವುದನ್ನು ಆಯಾ ಹೊಳೆಯೇ ಹೇಳುತ್ತದೆ, ಮೊದಲು ನೀರನ್ನು ಓದಬೇಕು.

ಮುಂದಿನ ವಾರ ತರಗತಿಯಲ್ಲಿ ಇದನ್ನೇ ಓದಿ ಹೇಳುತ್ತೇನೆ. ಅವಳ ಹತ್ತಿರ ಇನ್ನೊಂದು ಪ್ರಶ್ನೆ ಇದ್ದೇ ಇರುತ್ತದೆ.