ಹೊಲಿಗೆ ಹಾಕಿದ ಒಸಡು, ತಿಕ್ಕದ ಹಲ್ಲು

"ತಮ್ಮಾ, ಹಲ್ಲ ತಿಕ್ಕಬ್ಯಾಡ ಅಂದಾರ ಡಾಕ್ಟರ್. ಬಾಯಿ ನಾರಾಕತ್ತೈತಿ, ಏನ್ ಮಾಡ್ಲಿ?"

ಒಸಡಿನ ಆಪರೇಶನ್ ಮಾಡಿಸಿಕೊಂಡ ಮೂರನೇ ದಿನ ಚಿಮ್ಮಡದಿಂದ ಕಾಕಾ ಫೋನ್ ಮಾಡಿದ್ದರು. ಹೊಲಿಗೆ ಹಾಕಿದ ಜಾಗಕ್ಕೆ ಬ್ರಶ್ ತಾಗಿಸಬೇಡಿ ಎಂದದ್ದನ್ನು ಅವರು ಇಡೀ ಬಾಯಿಗೇ ಹಚ್ಚಿಕೊಂಡುಬಿಟ್ಟಿದ್ದರು. ಈ ತಪ್ಪು ತಿಳಿವಳಿಕೆ ಬಹಳ ಮಂದಿಗಿದೆ.

ಈ ಆಪರೇಶನ್‌ನಲ್ಲಿ ಒಸಡನ್ನು ಹಲ್ಲಿನಿಂದ ಬಿಡಿಸಿ, ಬೇರಿನ ಮೇಲೆ ಗಟ್ಟಿಯಾಗಿ ಕೂತ ಪಾಚಿಯನ್ನು ಕೆರೆದು ತೆಗೆದು, ಒಸಡನ್ನು ಮತ್ತೆ ಹಲ್ಲಿಗೆ ಹೊಂದಿಸಿ ಹೊಲಿಯುತ್ತಾರೆ. ಆಗ ಎರಡರ ನಡುವೆ ಉಳಿಯುವುದು ತೆಳ್ಳನೆಯ ಒಂದು ಪದರು ಹೆಪ್ಪುಗಟ್ಟಿದ ರಕ್ತ, ಅಷ್ಟೇ. ಮೊದಲ ದಿನ ಒಸಡನ್ನು ಹಿಡಿದಿಡುವ ಅಂಟು ಅದೇ. ಜೋರಾಗಿ ಮುಕ್ಕಳಿಸಿದರೂ, ಉಗುಳಿದರೂ ಅದು ಕಿತ್ತು ಬರಬಹುದು. ಮೂರು ದಿನದೊಳಗೆ ಗಾಯದ ಅಂಚಿನಿಂದ ಹೊಸ ಚರ್ಮದ ಕೋಶಗಳು ಹರಿದು ಬರುತ್ತವೆ; ವಾರಕ್ಕೆ ಅವು ಹಲ್ಲಿಗೆ ಅಂಟಿಕೊಳ್ಳುತ್ತವೆ. ಎರಡನೇ ವಾರ ಕೊಲಾಜೆನ್ ಎಳೆಗಳು ಕಾಣಿಸಿಕೊಳ್ಳುತ್ತವೆ, ಆದರೆ ಅವೆಲ್ಲ ಹಲ್ಲಿನ ಉದ್ದಕ್ಕೆ ಮಲಗಿದಂತಿರುತ್ತವೆ. ಬನಹಟ್ಟಿಯ ಮಗ್ಗದ ಮಾತಿನಲ್ಲಿ ಹೇಳುವುದಾದರೆ, ಹಾಸು ಬಿದ್ದಿದೆ, ಹೊಕ್ಕು ಇನ್ನೂ ಆಗಿಲ್ಲ. ನೋವು ಹೋದ ಮಾತ್ರಕ್ಕೆ ಗಾಯ ಗಟ್ಟಿಯಾಯಿತೆಂದು ನಂಬಬಾರದು.

ಒಂದು ವಿಷಯದಲ್ಲಿ ನಮ್ಮ ಬಾಯಿ ಪುಣ್ಯ ಮಾಡಿದೆ. ಕೈಕಾಲಿನ ಗಾಯಕ್ಕಿಂತ ಬಾಯಿಯ ಗಾಯ ಬೇಗ ಮಾಯುತ್ತದೆ, ಕಲೆಯೂ ಕಡಿಮೆ. ಮನುಷ್ಯರ ಜೊಲ್ಲಿನಲ್ಲಿರುವ ಹಿಸ್ಟಾಟಿನ್ ಎಂಬ ಪುಟ್ಟ ಪ್ರೊಟೀನು ಗಾಯದ ಅಂಚಿನ ಕೋಶಗಳನ್ನು ಮುಂದಕ್ಕೆ ಹರಿಯುವಂತೆ ಮಾಡುತ್ತದೆ ಎಂದು 2008ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ತೋರಿಸಿದರು. ಆದರೆ ಅದೇ ಜೊಲ್ಲಿನಲ್ಲಿ ಬ್ಯಾಕ್ಟೀರಿಯಾಗಳೂ ಇವೆ, ಹಲ್ಲು ತಿಕ್ಕುವುದನ್ನು ಬಿಟ್ಟರೆ ಅವು ಸುಮ್ಮನಿರುವುದಿಲ್ಲ. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಒಸಡು ಗಟ್ಟಿಯಿದ್ದ ಕೆಲವರಿಗೆ ಹಲ್ಲು ತಿಕ್ಕುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಎಲ್ಲರ ಒಸಡೂ ಬಾತಿತು. ಮತ್ತೆ ತಿಕ್ಕಲು ಶುರುಮಾಡಿದ ಮೇಲೆ ಸರಿಹೋಯಿತು. ಗಟ್ಟಿ ಒಸಡಿನ ಗತಿಯೇ ಹೀಗಾದರೆ, ಹೊಲಿಗೆ ಹಾಕಿದ ಒಸಡಿನ ಪಾಡೇನು?

ಬ್ರಶ್ ಹೋಗಬಾರದ ಕಡೆ ಔಷಧಿ ನೀರು ಹೋಗಬೇಕು. 1970ರಲ್ಲಿ ಅದೇ ಲೋ, ಶ್ಯೋಟ್ ಎಂಬವರ ಜೊತೆ ಸೇರಿ, ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ದಿನಕ್ಕೆರಡು ಸಲ ಬಾಯಿ ಮುಕ್ಕಳಿಸಿದರೆ ತಿಕ್ಕದ ಹಲ್ಲಿನ ಮೇಲೂ ಪಾಚಿ ಕಟ್ಟುವುದಿಲ್ಲ ಎಂದು ತೋರಿಸಿದರು. ಅದು ಹಲ್ಲಿಗೂ ಬಾಯಿಯ ಒಳಚರ್ಮಕ್ಕೂ ಅಂಟಿಕೊಂಡು, ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಕೆಲಸ ಮಾಡುತ್ತದೆ. ಕಾಕಾನಿಗೂ ಡಾಕ್ಟರು ಅದೇ ಬಾಟಲಿ ಕೊಟ್ಟಿದ್ದರು. ಹಲ್ಲು ಕಂದಾಗುತ್ತದೆಂದು ಯಾರೋ ಹೆದರಿಸಿದ್ದರಿಂದ ಮುಚ್ಚಳ ತೆಗೆದಿರಲಿಲ್ಲ. ಕಂದು ಕಲೆ ಬೀಳುವುದು ನಿಜ, ನಾಲಗೆಯ ರುಚಿಯೂ ಕೆಲವು ದಿನ ಕೆಡುತ್ತದೆ. ಆದರೆ ಕಲೆಯನ್ನು ದವಾಖಾನೆಯಲ್ಲಿ ತೆಗೆಸಬಹುದು. ಪೇಸ್ಟ್ ಹಚ್ಚಿ ತಿಕ್ಕಿದ ಕೂಡಲೇ ಮುಕ್ಕಳಿಸಿದರೆ ಮಾತ್ರ ಔಷಧಿಯ ಬಲ ಕುಂದುತ್ತದೆ. ನಡುವೆ ಅರ್ಧ ಗಂಟೆ ಬಿಡಬೇಕು.

ಅವತ್ತೇ ಕಾಕಾ ಗಾಯವಿಲ್ಲದ ಕಡೆ ಮೆತ್ತನೆ ಬ್ರಶ್ಶಿನಿಂದ ತಿಕ್ಕತೊಡಗಿದರು. ಕಬ್ಬು, ಕಡಕ್ ರೊಟ್ಟಿ ದೂರವಾದವು. ಆರಿದ ನುಚ್ಚು, ಮಜ್ಜಿಗೆ ಬಂದವು. ತಂಬಾಕು ಬಿಡಿಸುವುದಕ್ಕೆ ಮಾತ್ರ ಬಹಳ ಹೊತ್ತು ಹಿಡಿಯಿತು. ನಿಕೋಟಿನ್ ರಕ್ತನಾಳಗಳನ್ನು ಬಿಗಿಸುತ್ತದೆ, ಗಾಯಕ್ಕೆ ಬೇಕಾದ ರಕ್ತ ಬಾರದಂತೆ ಮಾಡುತ್ತದೆ ಎಂದು ಹೇಳಿದೆ. "ಹೊಲಕ್ಕ ನೀರ ಬಿಡೂ ಕಾಲುವಿ ಮುಚ್ಚಿದಂಗ?" ಎಂದು ಅವರೇ ಕೇಳಿದರು. ಹೌದು ಕಾಕಾ, ಹಂಗ ಅಂದೆ.